ನಕ್ಷೆಯ ಮಡಿಕೆಯಲ್ಲಿರುವ ದೇಶ

ನಮ್ಮ ದೇಶಕ್ಕೆ ಬೇಕೆಂದು ಬರುವವರು ಯಾರೂ ಇಲ್ಲ. ವಿಮಾನ ತಪ್ಪಿಸಿಕೊಂಡವರು ಬರುತ್ತಾರೆ. ಎಲ್ಲಿಂದಲೋ ಎಲ್ಲಿಗೋ ಹೋಗುವವರು ನಮ್ಮಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಮೊದಲನೆಯದು ತಡವಾದರೆ ಎರಡನೆಯದು ಹೊರಟುಹೋಗಿರುತ್ತದೆ. ಹಾಗೆ ಸಿಕ್ಕಿಹಾಕಿಕೊಂಡವರು ಕೌಂಟರಿನ ಮುಂದೆ ನಿಂತು ಕೂಗಾಡಬಾರದೆಂದು ವಿಮಾನದವರು ಅವರ ಕೈಗೊಂದು ಕೂಪನ್ ತುರುಕಿ ನನ್ನ ಕಡೆಗೆ ಅಟ್ಟುತ್ತಾರೆ. ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ನಾಲ್ಕು ಜಾಗ ತೋರಿಸಿ, ಸಂಜೆಯ ವಿಮಾನದ ಹೊತ್ತಿಗೆ ವಾಪಸ್ಸು ತಂದು ಬಿಡುವುದು ನನ್ನ ಕೆಲಸ. ಅಳುವ ಮಗುವಿನ ಕೈಗೆ ಗಿಲಕಿ ಕೊಡುತ್ತಾರಲ್ಲ, ಆ ಗಿಲಕಿ ನಾನು.

ಇದನ್ನು ಹೇಳುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ನೋಡುವಂಥದ್ದು ಇಲ್ಲದಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು. ಬೆಟ್ಟದ ಬಂಡೆಯನ್ನೇ ಕೊರೆದು ಮಾಡಿದ ಮನೆಗಳಿವೆ ನಮ್ಮಲ್ಲಿ, ಒಂದರ ಮೇಲೊಂದು, ಒಳಗೆ ಒಲೆ, ದೀಪದ ಗೂಡು, ಮಕ್ಕಳನ್ನು ಮಲಗಿಸುವ ತಗ್ಗು ಸಮೇತ. ಹಳೆಯ ಪೇಟೆಯ ಬೀದಿ ಪೂರ್ತಿ ಮೆಟ್ಟಿಲುಗಳೇ. ಅಂಗಡಿಯವನು ಒಂದು ಮೆಟ್ಟಿಲ ಮೇಲೆ ಕೂತಿದ್ದರೆ ಗಿರಾಕಿ ಇನ್ನೊಂದು ಮೆಟ್ಟಿಲ ಮೇಲೆ ನಿಂತು ಚೌಕಾಸಿ ಮಾಡುತ್ತಾನೆ. ಇನ್ನು ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ನಿಂತಿರುವ ಕೆರೆಯಂತೂ ಬೆಳಿಗ್ಗೆ ಹಸಿರು, ಬಿಸಿಲೇರಿದ ಹಾಗೆ ನೀಲಿ, ಹೊತ್ತಿಳಿದರೆ ತಾಮ್ರದ ಬಣ್ಣ. ಇದರ ಕಾಲು ಭಾಗ ಪಕ್ಕದ ದೇಶದಲ್ಲಿದ್ದಿದ್ದರೆ ಜನ ಮುಗಿಬೀಳುತ್ತಿದ್ದರು. ನಮ್ಮಲ್ಲಿದೆ, ಅದಕ್ಕೇ ಯಾರೂ ಲೆಕ್ಕಕ್ಕಿಟ್ಟುಕೊಂಡಿಲ್ಲ.

ವ್ಯಾನ್ ಓಡಿಸುವವರು ನನ್ನ ಭಾವ, ಅಕ್ಕನ ಗಂಡ. ಒಳ್ಳೆಯ ಮನುಷ್ಯ, ಆದರೆ ನನ್ನ ಕಾಲೆಳೆಯದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಕಂಪನಿಯವರು ನನಗೊಂದು ಭಾಷಣ ಬಾಯಿಪಾಠ ಮಾಡಿಸಿದ್ದಾರೆ, ವ್ಯಾನ್ ಹೊರಟ ಕೂಡಲೇ ಅದನ್ನು ಒಪ್ಪಿಸಬೇಕು. ಅದು ಶುರುವಾಗುವುದೇ ಹೀಗೆ: ‘ನಿಮ್ಮ ನಕ್ಷೆ ಬಿಚ್ಚಿ ನೋಡಿ. ಎಲ್ಲಿ ಮಡಿಕೆ ಬಿದ್ದು ಕಾಗದ ಹರಿದಿದೆಯೋ, ಅದೇ ನಮ್ಮ ದೇಶ.’ ಜನ ನಗುತ್ತಾರೆ. ಆಮೇಲೆ ಬಂಡೆಮನೆ, ಮೆಟ್ಟಿಲ ಪೇಟೆ, ಕೆರೆ. ಕೊನೆಗೆ, ‘ಮುಂದಿನ ಸಲ ಎರಡು ದಿನ ಇರುವ ಹಾಗೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ.’ ನನ್ನ ಅವಸ್ಥೆ ಏನೆಂದರೆ, ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಲು ಬರುತ್ತಿರಲಿಲ್ಲ. ನಿಂತರೆ ಮತ್ತೆ ನಕ್ಷೆ ಬಿಚ್ಚುವುದರಿಂದಲೇ ಹೊರಡಬೇಕಿತ್ತು. ಒಮ್ಮೆ ಯಾರೋ ಮುದುಕರು ಪೇಟೆಯ ವಿಷಯ ಹೇಳುವಾಗ ಶೌಚಾಲಯ ಎಲ್ಲಿದೆ ಎಂದು ಕೇಳಿದರು. ದಾರಿ ತೋರಿಸಿ ಮೊದಲಿನಿಂದ ಶುರು ಮಾಡಿದೆ. ಅವರು ಹೋಗಿ ಬಂದು ಮತ್ತೇನೋ ಕೇಳಿದರು, ಮತ್ತೆ ಮೊದಲಿನಿಂದ. ಭಾವ ಇದನ್ನು ನೆಂಟರಿಷ್ಟರಿಗೆಲ್ಲ ಅಭಿನಯ ಮಾಡಿ ತೋರಿಸಿದ್ದಾರೆ. ಅಕ್ಕನ ಮಕ್ಕಳು ನನ್ನನ್ನು ಕರೆಯುವುದೇ ಟೇಪು ಚಿಕ್ಕಿ ಎಂದು. ನಾನು ಮಾತಾಡುವಾಗ ಭಾವ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಜೊತೆಜೊತೆಗೆ ತುಟಿ ಆಡಿಸುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಆ ದಿನ ಕೌಂಟರಿನ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. ಗೋಡೆಗೊರಗಿ ಒಬ್ಬ ಹೆಂಗಸು ನಿಂತಿದ್ದರು. ನನ್ನದೇ ವಯಸ್ಸು, ಒಂದು ಕೈಚೀಲ ಬಿಟ್ಟರೆ ಸಾಮಾನೇನೂ ಇಲ್ಲ, ಉಟ್ಟ ಬಟ್ಟೆಯಲ್ಲಿ ಹೊರಟುಬಂದಿದ್ದಾರೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅವರ ಅಪ್ಪ ಆಸ್ಪತ್ರೆಯಲ್ಲಿದ್ದಾರಂತೆ, ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾರಂತೆ. ಇವರ ಮೊದಲ ವಿಮಾನ ತಡವಾಗಿ ಬಂದು ಎರಡನೆಯದು ಕಣ್ಣೆದುರಿಗೇ ಹಾರಿಹೋಗಿತ್ತು. ಇನ್ನೊಂದು ಇರುವುದು ಸಂಜೆಗೆ.

ನನಗೆ ಪಿತ್ತ ನೆತ್ತಿಗೇರಿತು. ಬೇರೆ ಕಂಪನಿಯದು ನೋಡು, ಬೇರೆ ಊರಿನ ಮೇಲೆ ಹಾಯಿಸಿ ಕಳಿಸು, ಸರಕಿನ ವಿಮಾನವಾದರೂ ಇದೆಯೇ ವಿಚಾರಿಸು ಎಂದು ಆ ಹುಡುಗಿಯ ಮೇಲೆ ಹರಿಹಾಯ್ದೆ. ಅವಳು ಬೆಳಿಗ್ಗೆಯಿಂದ ಎಲ್ಲ ಮಾಡಿ ಸೋತಿದ್ದಳು, ಪಾಪ.

“ಇರೋದೇ ಅದೊಂದು. ನಾನೇನು ಅವರಿಗೆ ರೆಕ್ಕೆ ಕಟ್ಟಿ ಹಾರಿಸ್ಲಾ?” ಎಂದಳು. ಅವಳ ಕಣ್ಣಲ್ಲೂ ನೀರಿತ್ತು. “ಇಲ್ಲೇ ನಿಂತಿದ್ರೆ ಹುಚ್ಚು ಹಿಡಿಯುತ್ತೆ ಅವರಿಗೆ. ನಿಮ್ಮ ಜೊತೆ ಕರ್ಕೊಂಡು ಹೋಗಿ.”

ಅಪ್ಪನ ಮುಖ ನೋಡಬೇಕೆಂದು ಓಡಿಬಂದವರಿಗೆ ಬಂಡೆ, ಮೆಟ್ಟಿಲು, ಕೆರೆ ತೋರಿಸಬೇಕು ನಾನು. ಎಂಥ ಕರ್ಮದ ಕೆಲಸ ಅನ್ನಿಸಿತು. ಆದರೂ ಹೋಗಿ ಕರೆದೆ. ಎಲ್ಲಿಗೆ ಎಂದೂ ಕೇಳದೆ ನನ್ನ ಹಿಂದೆ ಬಂದರು.

ವ್ಯಾನಿನಲ್ಲಿ ಆಗಲೇ ಪೆಟ್ಟಿಗೆ ಕಳೆದುಕೊಂಡ ವ್ಯಾಪಾರಿಯೊಬ್ಬರೂ ಹೊಸದಾಗಿ ಮದುವೆಯಾದ ಗಂಡಹೆಂಡಿರೂ ಕೂತಿದ್ದರು. ವ್ಯಾಪಾರಿ ತಮ್ಮ ಪೆಟ್ಟಿಗೆಯ ಪುರಾಣ ಹೇಳುತ್ತಲೇ ಇದ್ದರು. ನಾನು ಎದ್ದು ನಿಂತು, ಆ ಹೆಂಗಸಿನ ಮುಖ ನೋಡದೆ, ನಕ್ಷೆ ಬಿಚ್ಚಿ ನೋಡಿ ಎಂದು ಶುರು ಮಾಡಿದೆ. ಮದುವೆಯಾದವರು ಸೀಟಿನ ಹಿಂದಿಟ್ಟಿದ್ದ ನಕ್ಷೆ ತೆಗೆದು ನಿಜವಾಗಿಯೂ ಬಿಚ್ಚಿ ಮಡಿಕೆ ಹುಡುಕಿದರು, ನಕ್ಕರು. ಆಗ ಕಿಟಕಿಯ ಪಕ್ಕ ಕೂತಿದ್ದ ಆ ಹೆಂಗಸಿನಿಂದ ಒಂದು ಮಾತು ಬಂತು.

“ನಮ್ಮಪ್ಪ ನಕ್ಷೆ ಮಡಿಸ್ತಿದ್ರು.”

ಬೇರೆ ದಿನವಾಗಿದ್ದರೆ ನಡುವೆ ಬಾಯಿ ಹಾಕಿದವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಅವತ್ತು ನಿಲ್ಲಿಸಿ ಅವರ ಪಕ್ಕದಲ್ಲಿ ಕೂತೆ. ಅವರ ಅಪ್ಪ ನಕ್ಷೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮಡಿಸುವ ಕೆಲಸದಲ್ಲಿದ್ದರಂತೆ. ದೊಡ್ಡ ಹಾಳೆಯನ್ನು ಜೇಬಿಗೆ ಹಿಡಿಸುವಷ್ಟಾಗುವ ತನಕ ಮಡಿಸಿ ಮಡಿಸಿ, ಪ್ರತಿ ಮಡಿಕೆಯ ಮೇಲೂ ಹೆಬ್ಬೆರಳು ಒತ್ತಿ ಎಳೆಯಬೇಕು. ವರ್ಷಾನುಗಟ್ಟಲೆ ಅದನ್ನೇ ಮಾಡಿ ಹೆಬ್ಬೆರಳು ಕೊರಡಿನಂತಾಗಿತ್ತಂತೆ. ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳುತ್ತಿದ್ದರಂತೆ, ಒಂದು ದೇಶ ಸರಿಯಾಗಿ ನಡುಮಡಿಕೆಗೇ ಬರುತ್ತದೆ, ದಿನಾ ಅದನ್ನು ಒತ್ತಿ ಒತ್ತಿ ಸವೆಸುತ್ತಿದ್ದೇನೆ, ಅಲ್ಲಿ ಏನಿದೆಯೋ ಯಾರಿದ್ದಾರೋ, ಪಾಪ, ಎಂದು. ಪ್ರೆಸ್ಸಿನ ಊರು ಬಿಟ್ಟು ಅವರು ಎಲ್ಲಿಗೂ ಹೋದವರಲ್ಲ. ಇಷ್ಟು ಹೇಳಿ ಆ ಹೆಂಗಸು ಫೋನ್ ನೋಡಿಕೊಂಡರು. ಅದರಲ್ಲಿ ಸಿಗ್ನಲ್ ಸತ್ತುಹೋಗಿತ್ತು.

ಬಂಡೆಮನೆಗಳ ಹತ್ತಿರ ಇಳಿದ ಮೇಲೂ ಸಿಗಲಿಲ್ಲ. ಬಂಡೆಯ ನಡುವೆ ಯಾವಾಗಲೂ ಸಿಗುವುದಿಲ್ಲ, ಅದು ನನಗೆ ಗೊತ್ತಿದ್ದದ್ದೇ. ಆದರೂ ಅವರ ಕೈಯಿಂದ ಫೋನ್ ಇಸಿದುಕೊಂಡು ಆ ಬಂಡೆ ಹತ್ತಿದೆ, ಈ ಬಂಡೆ ಹತ್ತಿದೆ. ಕೈ ಮೇಲೆತ್ತಿ ನಿಂತೆ. ನನ್ನ ಫೋನೂ ಅಷ್ಟೇ, ಭಾವನದೂ ಅಷ್ಟೇ. ಅವರು ಒಂದು ಮನೆಯ ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಎಲ್ಲಿ ನಿಂತರೆ ಸಿಗುತ್ತದೆ ಎಂದು ಕೇಳಿಯೇಬಿಟ್ಟರೆ ಏನು ಹೇಳುವುದು ಎಂದು ನನಗೆ ಹೆದರಿಕೆಯಾಯಿತು.

ಕೆರೆಯ ದಿಬ್ಬದ ಮೇಲೆ ಟವರ್ ಇದೆ, ಪೇಟೆ ಬಿಟ್ಟು ನೇರ ಅಲ್ಲಿಗೇ ಹೋಗೋಣ ಎಂದರು ಭಾವ. ಉಳಿದವರಿಗೆ ಪೇಟೆ ತಪ್ಪುತ್ತದಲ್ಲ ಎಂದು ಹಿಂಜರಿದೆ. ಪೆಟ್ಟಿಗೆ ಕಳೆದುಕೊಂಡ ವ್ಯಾಪಾರಿಯೇ ಬೈದರು, ಪೇಟೆಗೆ ಬೆಂಕಿ ಬೀಳಲಿ, ಮೊದಲು ಹೊರಡಿ ಎಂದು. ಆಮೇಲೆ ಅವರು ಪೆಟ್ಟಿಗೆಯ ಸುದ್ದಿಯನ್ನೇ ಎತ್ತಲಿಲ್ಲ.

ಘಟ್ಟದ ದಾರಿಯಲ್ಲಿ ಕಲ್ಲು ತುಂಬಿದ ಲಾರಿಯೊಂದು ಮುಂದೆ ಸಿಕ್ಕಿಕೊಂಡಿತು. ಹಿಂದೆ ಹಾಕಲು ಜಾಗವಿಲ್ಲ. ಭಾವ ಹಾರ್ನ್ ಒತ್ತಿಯೇ ಒತ್ತಿದರು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಆ ಡ್ರೈವರನ ಏಳು ತಲೆಮಾರನ್ನು ಜಾಲಾಡಿದೆ. ಅವನು ತಾನೇ ಏನು ಮಾಡುತ್ತಾನೆ, ಹೊತ್ತ ಕಲ್ಲು ಇಳಿಸಿ ಓಡುವುದಕ್ಕಾಗುತ್ತದೆಯೇ? ತಿರುವು ತಿರುವಿಗೂ ಅದರ ಹಿಂದೆಯೇ ತೆವಳಿದೆವು. ಹಿಂದಿನ ಸೀಟಿನಲ್ಲಿದ್ದ ಆ ಹೆಂಗಸು ಅತ್ತಿದ್ದರೆ, ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ದಿಬ್ಬ ತಲುಪಿದಾಗ ಕೆರೆ ನೀಲಿಯಾಗಿತ್ತು. ವ್ಯಾನ್ ನಿಲ್ಲುವ ಮೊದಲೇ ಅವರ ಫೋನ್ ಗುಂಯ್ ಅಂದಿತು. ಅವರು ದಿಬ್ಬದಂಚಿನ ಕಟಕಟೆಯ ಹತ್ತಿರ ಓಡಿದರು, ಬೀಳುತ್ತಾರೇನೋ ಎಂದು ನಾನೂ ಓಡಿದೆ. ಫೋನ್ ಮಾಡಿದರು, ಆ ಕಡೆ ಎತ್ತಿದ್ದು ಅವರ ತಮ್ಮ. ಅಪ್ಪನಿಗೆ ಮಾತು ನಿಂತಿದೆ, ಕಿವಿ ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಫೋನನ್ನು ದಿಂಬಿನ ಮೇಲೆ ಇಟ್ಟಿದ್ದೇನೆ, ಮಾತಾಡು ಅಕ್ಕ ಎಂದನಂತೆ.

“ಅಪ್ಪಾ,” ಎಂದರು. “ಅಪ್ಪಾ, ನಾನು ಬರ್ತಾ ಇದ್ದೀನಿ. ದಾರೀಲಿದ್ದೀನಿ. ನಡುಮಡಿಕೆಗೆ ಬರುತ್ತಲ್ಲಪ್ಪಾ ಒಂದು ದೇಶ, ಅಲ್ಲಿದ್ದೀನಿ.”

ಆ ಕಡೆಯಿಂದ ತಮ್ಮ ಏನೋ ಹೇಳಿದ. ಅವರು ಬಾಯಿಗೆ ಸೆರಗಿಟ್ಟುಕೊಂಡರು. ಅಪ್ಪ ಹಾಸಿಗೆಯ ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾರಂತೆ, ಒತ್ತಿ ಎಳೆದು, ಒತ್ತಿ ಎಳೆದು. ಅದನ್ನು ನನಗೆ ಹೇಳಿ ಫೋನನ್ನು ನನ್ನ ಕೈಗೆ ಇಟ್ಟರು.

“ನನ್ ಕೈಲಾಗಲ್ಲ. ಇಲ್ಲೇನಿದೆ ಅಂತ ನೀವೇ ಹೇಳಿ ಅವರಿಗೆ.”

ಹೇಳಿ ದೂರ ಹೋಗಿ ಕಟಕಟೆ ಹಿಡಿದು ನೀರಿನ ಕಡೆ ಮುಖ ಮಾಡಿ ನಿಂತರು. ಸಾಯುತ್ತಿರುವವರ ಹತ್ತಿರ ಏನು ಮಾತಾಡಬೇಕು? ದೇವರೇ, ನನಗೆ ಗೊತ್ತಿರುವುದು ಒಂದೇ ಪಾಠ. ಅದನ್ನೇ ಶುರು ಮಾಡಿದೆ. ನಿಮ್ಮ ನಕ್ಷೆ ಬಿಚ್ಚಿ ನೋಡಿ ಎಂದೆ. ಬಂಡೆಮನೆಯ ಒಲೆ, ದೀಪದ ಗೂಡು, ಮಕ್ಕಳ ತಗ್ಗು ಹೇಳಿದೆ. ಪೇಟೆಯ ಮೆಟ್ಟಿಲು, ಮೆಟ್ಟಿಲ ಮೇಲಿನ ಚೌಕಾಸಿ ಹೇಳಿದೆ. ಒಂದು ಪದ ತಪ್ಪಲಿಲ್ಲ, ಆದರೆ ಅವತ್ತಿನವರೆಗೆ ಅಷ್ಟು ನಿಧಾನವಾಗಿ ನಾನು ಯಾರಿಗೂ ಹೇಳಿರಲಿಲ್ಲ. ಭಾವ ವ್ಯಾನಿಗೆ ಒರಗಿ ನಿಂತಿದ್ದರು, ತುಟಿ ಆಡಿಸುತ್ತಿರಲಿಲ್ಲ. ಕೆರೆಗೆ ಬಂದೆ. ಬೆಳಿಗ್ಗೆ ಹಸಿರು, ಬಿಸಿಲೇರಿದ ಹಾಗೆ ನೀಲಿ, ಹೊತ್ತಿಳಿದರೆ ತಾಮ್ರದ ಬಣ್ಣ. ನೀರು ಎಲ್ಲಿಂದ ಬರುತ್ತದೋ ಯಾರಿಗೂ ತಿಳಿಯದು, ಯಾವ ಬೇಸಗೆಯಲ್ಲೂ ಬತ್ತಿದ್ದಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲು ಬಂದರೆ ತಾನೇ?

“ಮುಂದಿನ ಸಲ ಎರಡು ದಿನ ಇರುವ ಹಾಗೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ” ಎಂದುಬಿಟ್ಟೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ತಪ್ಪಾಯಿತು, ಬಾಯಿತಪ್ಪಿ ಬಂತು, ಮನ್ನಿಸಿ ಎಂದು ತೊದಲಿದೆ.

“ಪರವಾಗಿಲ್ಲ ಅಕ್ಕಾ,” ಎಂದ ತಮ್ಮ. ದನಿ ತೀರಾ ಮೆಲ್ಲಗಿತ್ತು. “ಅಪ್ಪ ಹೋದ್ರು. ಕೆರೆ ಬಣ್ಣ ಬದಲಾಗುತ್ತೆ ಅಂದ್ರಲ್ಲ, ಅಲ್ಲಿ ಬೆರಳು ನಿಂತುಹೋಯ್ತು. ನೀವು ಹೇಳ್ತಾನೇ ಇದ್ರಿ. ಸಾಕು ಅನ್ನೋಕೆ ನನಗೆ ಬಾಯಿ ಬರಲಿಲ್ಲ.”

ತನ್ನ ಅಕ್ಕನಿಗೆ ನೀವೇ ಹೇಳುತ್ತೀರಾ ಎಂದು ಕೇಳಿದ. ಫೋನಿನಲ್ಲಿ ಹೇಳಲು ತನ್ನಿಂದಾಗುವುದಿಲ್ಲ ಎಂದ.

ಅವರು ಇನ್ನೂ ನೀರು ನೋಡುತ್ತಿದ್ದರು. ಮದುವೆಯಾದ ಹುಡುಗಿ ಆಚೆ ಗಂಡನ ಫೋಟೋ ತೆಗೆಯುತ್ತಿದ್ದಳು. ನಾನು ಫೋನನ್ನು ಎದೆಗೆ ಒತ್ತಿಕೊಂಡು ನಿಂತೆ. ಅವರೇ ತಿರುಗಿದರು.

“ಎಲ್ಲಾ ಹೇಳಿದ್ರಾ?”

“ಹೇಳ್ದೆ.”

“ಕೇಳಿಸ್ಕೊಂಡ್ರಾ?”

“ಕೇಳಿಸ್ಕೊಂಡ್ರಮ್ಮಾ,” ಎಂದೆ. “ಕೆರೆವರೆಗೂ ಕೇಳಿಸ್ಕೊಂಡ್ರು.”

ಅವರಿಗೆ ತಿಳಿಯಿತು. ಅಲ್ಲೇ ಕೂತರು. ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಬೆನ್ನ ಮೇಲೆ ಕೈಯಿಟ್ಟೆ, ಅಷ್ಟೇ. ಬೇರೆ ಏನು ತಾನೇ ಮಾಡಲು ಬರುತ್ತಿತ್ತು ನನಗೆ?

ವಾಪಸ್ಸು ಬರುವಾಗ ದಾರಿ ಪೂರ್ತಿ ಖಾಲಿ. ಒಂದು ಲಾರಿಯಿಲ್ಲ, ಒಂದು ಎಮ್ಮೆ ಅಡ್ಡ ಬರಲಿಲ್ಲ. ಬೇಡವಾದಾಗ ಎಲ್ಲ ಸಲೀಸು. ಮದುವೆಯಾದವರು ಬೆಳಿಗ್ಗೆ ಬಿಚ್ಚಿದ ನಕ್ಷೆಯನ್ನು ಮಡಿಸಲು ಬಾರದೆ ಉಂಡೆ ಮಾಡಿ ಸೀಟಿನ ಮೇಲೆ ಬಿಟ್ಟಿದ್ದರು. ಆ ಹೆಂಗಸು ಅದನ್ನು ತೊಡೆಯ ಮೇಲೆ ಹರಡಿಕೊಂಡು, ಸುಕ್ಕು ಬಿಡಿಸಿ, ಹಳೆಯ ಗೆರೆಗಳ ಮೇಲೆಯೇ ಹೆಬ್ಬೆರಳಿಟ್ಟು ಒಂದೊಂದಾಗಿ ಮಡಿಸಿ ನನ್ನ ಕೈಗೆ ಕೊಟ್ಟರು. ಅಂಗಡಿಯಿಂದ ಆಗ ತಾನೇ ತಂದ ಹಾಗಿತ್ತು. ಸಂಜೆಯ ವಿಮಾನ ಒಂದು ನಿಮಿಷ ತಡವಿಲ್ಲದೆ ಹೊರಟಿತು, ಅದರ ಮನೆ ಹಾಳಾಗ. ಒಳಗೆ ಹೋಗುವಾಗ ಅವರು ನನ್ನ ಕೈ ಒಮ್ಮೆ ಹಿಡಿದು ಬಿಟ್ಟು ಹೋದರು.

ಮರುದಿನ ಮತ್ತೊಂದು ವಿಮಾನ ತಡವಾಯಿತು, ಮತ್ತೊಂದು ವ್ಯಾನು ತುಂಬ ಜನ. ಎದ್ದು ನಿಂತು ಶುರು ಮಾಡಿದೆ. ನಕ್ಷೆ ಬಿಚ್ಚಿ ನೋಡಿ ಎಂದೆ, ನಕ್ಕರು. ಬಂಡೆಮನೆ ಬಂತು, ಪೇಟೆ ಬಂತು, ಕೆರೆ ಬಂತು. ಬೆಳಿಗ್ಗೆ ಹಸಿರು ಎಂದೆ, ಬಿಸಿಲೇರಿದ ಹಾಗೆ ನೀಲಿ ಎಂದೆ, ಅಲ್ಲಿಗೆ ಬಾಯಿ ನಿಂತಿತು. ಇಷ್ಟು ವರ್ಷ ನಿಲ್ಲು ಅಂದರೂ ನಿಲ್ಲದಿದ್ದ ಬಾಯಿ, ತಳ್ಳಿದರೂ ಮುಂದೆ ಹೋಗಲಿಲ್ಲ. ಮುಂದಿನ ಸಲ ಬನ್ನಿ ಎಂದು ಆ ಜನರ ಮುಖ ನೋಡಿ ಹೇಳಲು ನನ್ನಿಂದಾಗಲಿಲ್ಲ, ಇವತ್ತಿಗೂ ಆಗುವುದಿಲ್ಲ. ಕನ್ನಡಿಯಲ್ಲಿ ಭಾವ ನನ್ನನ್ನು ನೋಡಿ ಕಣ್ಣು ತಗ್ಗಿಸಿದರು. ಮನೆಯಲ್ಲಿ ಈ ಮಾತು ಎತ್ತಲೇ ಇಲ್ಲ ಅವರು.

ಮುಂದಿನ ಸೀಟಿನವರು ಇಷ್ಟೇನಾ ಎಂದು ಕೇಳಿದರು.

ಇಷ್ಟೇ ಎಂದು ಹೇಳಿ ಕೂತೆ.