ರೊಟ್ಟಿ ಬೇಯುವವರೆಗಿನ ಮೌನ

ಬೀದಿಯ ಮೂಲೆಯ ಆ ಬೇಕರಿಯಲ್ಲಿ ಶನಿವಾರ ಮುಂಜಾನೆಯ ಮೊದಲ ಬೆಂಕಿ ದೇವರದು. ಬನ್ನು ರಸ್ಕುಗಳು ಭಟ್ಟಿಯ ಮುಖ ನೋಡುವುದಕ್ಕೆ ಮುಂಚೆ, ಮರುದಿನ ಚರ್ಚಿನ ಆರಾಧನೆಯಲ್ಲಿ ಕರ್ತನ ಮೇಜಿನ ಮೇಲೆ ಮುರಿಯುವ ರೊಟ್ಟಿ ಬೇಯಬೇಕು. ಗೋಧಿಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಸಕ್ಕರೆಯಿಲ್ಲ, ಹಿಟ್ಟು ಉಬ್ಬಿಸುವ ಹುಳಿಯಿಲ್ಲ. ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ ರೊಟ್ಟಿ ಭಟ್ಟಿಯಿಂದ ಹೊರಬರುವವರೆಗೆ ಆ ಕೋಣೆಯಲ್ಲಿ ಯಾರೂ ಮಾತನಾಡಕೂಡದು. ತೀರಿಹೋದ ತಂದೆ ಹಾಕಿಕೊಟ್ಟ ಕಟ್ಟುಪಾಡು ಅದು. ಬಾಗಿಲ ಮೊಳೆಯಲ್ಲಿ ಬಿಳಿಯ ಬಟ್ಟೆ ತೂಗುತ್ತಿದ್ದರೆ ಹಾಲಿನವನು ಕೂಡ ಕ್ಯಾನನ್ನು ಸದ್ದಿಲ್ಲದೆ ಇಳಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಹೋಗುತ್ತಿದ್ದ.

ಊರೆಲ್ಲ ಬೇಕರಿಯಣ್ಣ ಎಂದು ಕರೆಯುತ್ತಿದ್ದ ಆ ಮನೆಯ ಹಿರಿಯ ಮಗ ಈ ಕಟ್ಟನ್ನು ಕಣ್ಣನ್ನು ರೆಪ್ಪೆ ಕಾಯುವಂತೆ ಕಾಯ್ದುಕೊಂಡು ಬಂದಿದ್ದ. "ಹಿಟ್ಟು ನಾದೋ ಕೈಗೆ ದೇವರು ಇಂಥ ಕೆಲಸ ಕೊಟ್ಟಿದಾನಲ್ಲ, ಇನ್ನೇನು ಬೇಕು ಹೇಳು" ಎಂದು ಹೆಂಡತಿಗೆ ಹೇಳುತ್ತಿದ್ದ. ಆ ಕೃತಜ್ಞತೆಯಲ್ಲಿ ಲವಲೇಶವೂ ಸುಳ್ಳಿರಲಿಲ್ಲ. ಆದರೆ ಕಾವಲು ನಿಂತವನ ದೃಷ್ಟಿ ದೂರದಲ್ಲೇ ನೆಟ್ಟಿರುತ್ತದೆ. ತನ್ನದೇ ಕಾಲಡಿ ಸಿಕ್ಕಿದ್ದು ಅವನಿಗೆ ಕಾಣದು.

ಕಾಲಡಿ ಸಿಕ್ಕಿದವನು ತಮ್ಮ. ತಂದೆ ಹೋದ ಹೊಸದರಲ್ಲಿ, ಇಂಥದೇ ಒಂದು ಮುಂಜಾನೆ, ಅಣ್ಣ ಮೂಗಿನ ತುದಿಗೆ ಹಿಟ್ಟು ಮೆತ್ತಿಕೊಂಡು ಮಹಾಯಾಜಕನ ಗಾಂಭೀರ್ಯದಲ್ಲಿ ನಿಂತದ್ದನ್ನು ಕಂಡು ಅವನು ಗೊಳ್ಳೆಂದು ನಕ್ಕುಬಿಟ್ಟಿದ್ದ. ರೊಟ್ಟಿ ಹೊರಬರುವವರೆಗೆ ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಬಂದ ಮೇಲೆ ಹೇಳಿದ್ದು ಇಷ್ಟೇ: "ನಿಂದು ಅಶುದ್ಧ ಬಾಯಿ. ಇನ್ನು ಈ ಹೊಸ್ತಿಲು ತುಳೀಬೇಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಬೀದಿಯ ಇನ್ನೊಂದು ತುದಿಯಲ್ಲಿ ಕೇಕಿನ ಅಂಗಡಿ ತೆರೆದ. ಭಾನುವಾರ ಅಣ್ಣ ಮುಂದಿನ ಬೆಂಚಿನಲ್ಲಿ, ತಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ. ಒಬ್ಬ ನಾದಿದ ರೊಟ್ಟಿಯ ಚೂರು ಇಬ್ಬರ ನಾಲಿಗೆಯ ಮೇಲೂ ಕರಗುತ್ತಿತ್ತು. ಆ ನಾಲಿಗೆಗಳು ಮಾತ್ರ ಒಂದನ್ನೊಂದು ಕರೆಯುತ್ತಿರಲಿಲ್ಲ.

"ಒಂದ್ಸಲ ನೀವೇ ಹೋಗಿ ಮಾತಾಡ್ಸಿ ಬನ್ನಿ. ಸವೆದು ಹೋಗ್ತೀರಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ಅವನು ಪವಿತ್ರವಾದದ್ದನ್ನ ನೋಡಿ ನಕ್ಕ ಕಣೇ."

"ಅವನು ನಕ್ಕಿದ್ದು ನಿಮ್ಮ ಮೂಗು ನೋಡಿ. ಅದು ಯಾವಾಗಿಂದ ಪವಿತ್ರ ಆಯ್ತೋ, ನಂಗಂತೂ ಗೊತ್ತಿಲ್ಲ!"

ಅಣ್ಣ ಎದ್ದು ಭಟ್ಟಿಯ ಕಡೆ ನಡೆಯುತ್ತಿದ್ದ.

ಆ ವಾರ ತಮ್ಮನ ಮಗಳು ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಳು. ಸ್ಥಿತಿ ನೆಟ್ಟಗಿಲ್ಲವೆಂದು ಬುಧವಾರದ ಪ್ರಾರ್ಥನಾಕೂಟದಲ್ಲಿ ಪಾದ್ರಿಗಳು ಅವಳಿಗಾಗಿ ಬೇಡಿಕೊಂಡಾಗ, ಅಣ್ಣ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದಿದ್ದ. ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಮರಳಿಯೂ ಬಂದಿದ್ದ.

ಶನಿವಾರ ಬಂತು. ಬಿಳಿಯ ಬಟ್ಟೆ ಮೊಳೆಗೇರಿತು. ಉದ್ದ ಹಿಡಿಯ ಮರದ ಹಲಗೆಯಿಂದ ರೊಟ್ಟಿಯನ್ನು ಭಟ್ಟಿಯೊಳಗೆ ಜಾರಿಸಿ ಅಣ್ಣ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, ಹೊಸ್ತಿಲಾಚೆ ಯಾರೋ ನಿಂತಂತಾಯಿತು.

ತಮ್ಮ. ಅಂಗಿಯ ಗುಂಡಿಗಳು ಒಂದರ ಮನೆಗೆ ಇನ್ನೊಂದು ಹೊಕ್ಕಿದ್ದವು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು.

"ಅಣ್ಣ, ಬಟ್ಟೆ ನೋಡ್ದೆ. ನೀನು ಮಾತಾಡ್ಬೇಡ, ಕೇಳಿಸ್ಕೋ ಸಾಕು" ಎಂದ ಅವನು, ಹೊಸ್ತಿಲಿಗೆ ಬೆರಳೂ ಸೋಕದ ಹಾಗೆ ನಿಂತು. "ಮಗಳಿಗೆ ಹೆರಿಗೆ ಆಯ್ತು. ಡಾಕ್ಟರೇ ಕೈಚೆಲ್ಲೋ ಹಾಗಿತ್ತು. ಈಗ ಇಬ್ರೂ ಚೆನ್ನಾಗಿದಾರೆ. ಹೆಣ್ಣು ಮಗು. ಮೂಗು ಅಪ್ಪಂದೇ... ಅಂದ್ರೆ ನಿಂದೇ." ನಗಲು ಹೋಗಿ ಅವನ ದನಿ ಒಡೆಯಿತು. "ಹೊರಗೆ ಬಂದೆ, ಕಾಲು ಅಂಗಡಿ ಕಡೆ ಹೋಗ್ಲಿಲ್ಲ. ಇಲ್ಲಿಗೇ ಎಳ್ಕೊಂಡು ಬಂತು."

ಅಣ್ಣ ಹಲಗೆ ಹಿಡಿದು ಕಂಬದಂತೆ ನಿಂತಿದ್ದ. ಭಟ್ಟಿಯೊಳಗೆ ಕೆಂಡ ಚಟಪಟ ಎನ್ನುತ್ತಿತ್ತು.

"ಸರಿ ಅಣ್ಣ. ಬರ್ತೀನಿ" ಎಂದು ತಮ್ಮ ತಿರುಗಿದ.

ಹಿಟ್ಟಿನ ಡಬ್ಬಿಯ ಬಳಿ ನಿಂತಿದ್ದ ಹೆಂಡತಿಯೂ ಕಟ್ಟುಪಾಡಿಗೆ ಬದ್ಧಳು, ಬಾಯಿ ತೆರೆಯಲಿಲ್ಲ. ಆದರೆ ಹಿಟ್ಟಿನ ಸೌಟನ್ನೆತ್ತಿ ಬಾಗಿಲ ಕಡೆ ತೋರಿಸಿದಳು; ಅವಳ ಕಣ್ಣುಗಳು ಅಂದ ಮಾತನ್ನು ಕಾಗದದ ಮೇಲೆ ಬರೆಯುವಂತಿಲ್ಲ.

ಮುನಿದ ಒಡಹುಟ್ಟಿದವನನ್ನು ಹೊರಗೆ ನಿಲ್ಲಿಸಿ ಬಂದವನು ತನ್ನ ಕಾಣಿಕೆಯನ್ನು ಬಲಿಪೀಠದ ಬುಡದಲ್ಲೇ ಬಿಟ್ಟು, ಮೊದಲು ಹೋಗಿ ಅವನೊಡನೆ ರಾಜಿಯಾಗಬೇಕೆಂಬ ಬೋಧನೆಯನ್ನು ಅಣ್ಣ ಅದೆಷ್ಟು ಭಾನುವಾರ ಕೇಳಿದ್ದನೋ! ಪ್ರತಿಸಲವೂ ಅದು ಹಿಂದಿನ ಬೆಂಚಿನವರಿಗೆ ಹೇಳಿದ ಮಾತೆಂದೇ ತಿಳಿದಿದ್ದ. ಈಗ ಆ ಬೆನ್ನು, ತಪ್ಪಾಗಿ ಗುಂಡಿ ಹಾಕಿದ ಆ ಅಂಗಿ, ದೂರವಾಗುತ್ತಿದ್ದುದನ್ನು ಕಂಡಾಗ ಅದು ತನಗೇ ಹೇಳಿದ ಮಾತೆಂದು ಅವನಿಗೆ ಹೊಳೆಯಿತು. ರೊಟ್ಟಿಯನ್ನು ಕಾಯ್ದೆ, ಅದು ಯಾರಿಗಾಗಿ ಮುರಿಯಲ್ಪಡುತ್ತದೋ ಅವನನ್ನೇ ಕಾಯಲಿಲ್ಲ. ದ್ವಾರಪಾಲಕನಿಗೆ ಬಾಗಿಲು ಮುಚ್ಚುವುದೊಂದೇ ಕೆಲಸವೇ? ಮನೆಯ ಮಗ ಬಂದಾಗ ತೆರೆಯುವವನು ಯಾರು?

"ತಮ್ಮಾ!"

ಆ ಹೊತ್ತಿನಲ್ಲಿ ಅಣ್ಣನ ದನಿಯನ್ನೇ ಕೇಳಿ ಅರಿಯದ ಗೋಡೆಗಳು ಬೆಚ್ಚಿದಂತಾಯಿತು.

"ಒಳಗೆ ಬಾರೋ."

"ಹೊಸ್ತಿಲು, ಅಣ್ಣ..."

"ಹೊಸ್ತಿಲೇನು ನಾನು ಕಡೆದದ್ದೇನೋ? ತುಳಿ. ಅಶುದ್ಧ ಬಾಯಿ ನಂದೇ ಆಗಿತ್ತು ಕಣೋ. ಕ್ಷಮಿಸಿಬಿಡು."

ತಮ್ಮ ಹೊಸ್ತಿಲು ದಾಟಿದನೋ, ಅಣ್ಣನೇ ದಾಟಿ ಹೋದನೋ, ಆಮೇಲೆ ಇಬ್ಬರಿಗೂ ನೆನಪಾಗಲಿಲ್ಲ. ಮರದ ಹಲಗೆ ನೆಲಕ್ಕೆ ಬಿತ್ತು. ಅಣ್ಣನ ಕೈಯ ಹಿಟ್ಟೆಲ್ಲ ತಮ್ಮನ ಬೆನ್ನಿಗಾಯಿತು. ಮಗುವಿನ ತೂಕವೆಷ್ಟು, ಅತ್ತಿತೇ, ತಾಯಿ ಏನಾದರೂ ಕುಡಿದಳೇ ಎಂದು ಅಣ್ಣ ಒಂದರ ಮೇಲೊಂದು ಕೇಳುತ್ತಲೇ ಇದ್ದ. ಉತ್ತರಕ್ಕೆ ಪುರಸೊತ್ತು ಕೊಡಲಿಲ್ಲ. ಕೊನೆಗೆ ಎಚ್ಚೆತ್ತದ್ದು ತಮ್ಮನ ಮೂಗು.

"ಅಣ್ಣಾ, ಏನೋ ಸೀಯ್ತಾ ಇದೆ!"

ಹೊರತೆಗೆದಾಗ ರೊಟ್ಟಿ ಶಾಲೆಯ ಹಲಗೆಯಷ್ಟು ಕಪ್ಪಾಗಿತ್ತು. ಮೂವರೂ ಅದನ್ನೇ ನೋಡುತ್ತ ನಿಂತರು.

"ಮದುವೆಯಾದಾಗಿಂದ ಇವರು ಸೀಯಿಸಿದ ಮೊದಲನೇ ರೊಟ್ಟಿ" ಎಂದಳು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ದೇವರಿಗೆ ಸ್ತೋತ್ರ!"

"ಅತ್ತಿಗೆ, ಸುಮ್ನಿದ್ದು ಸುಮ್ನಿದ್ದು ನಿಮ್ಮ ನಾಲಿಗೆ ಹರಿತ ಆಗಿದೆ" ಎಂದ ಮೈದುನ.

"ಹೂಂ, ಶನಿವಾರ ನುಂಗಿದ್ದೆಲ್ಲ ಭಾನುವಾರ ನಿಮ್ಮಣ್ಣನ ತಲೆ ಮೇಲೆ ಸುರೀತೀನಲ್ಲ!"

ಅಣ್ಣ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ. ಇನ್ನೊಂದು ರೊಟ್ಟಿಗೆ ಧಾರಾಳವಾಗಿತ್ತು. "ಕೈ ತೊಳ್ಕೊ" ಎಂದ ತಮ್ಮನಿಗೆ. "ನೀನು ನಾದು."

"ನಾನಾ?"

"ನೀನೇ. ಅಭ್ಯಾಸ ಬಲದಲ್ಲಿ ಸಕ್ಕರೆ ಸುರಿದುಬಿಟ್ಟೀಯ, ಜೋಕೆ!"

ತಮ್ಮ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು ಬಂದ. ಹಿಟ್ಟಿಗೆ ನೀರು ಬಿತ್ತು. ಮತ್ತೆ ಮೌನ ಕೂಡಿಬಂತು. ಆ ಮೌನವನ್ನು ಅಣ್ಣ ಬಿಡಲಿಲ್ಲ, ಬಿಡಬೇಕೆಂದು ಅನಿಸಲೂ ಇಲ್ಲ. ಆದರೆ ಇಷ್ಟು ವರ್ಷ ಬಿಗಿಹಿಡಿದ ಉಸಿರಿನಂತಿದ್ದದ್ದು ಈಗ ಉಸಿರಿನಂತೆಯೇ ಸರಾಗವಾಗಿತ್ತು. ತಂದೆ ಒತ್ತುತ್ತಿದ್ದ ಹಾಗೆಯೇ ತಮ್ಮನ ಅಂಗೈಯ ಬುಡ ಹಿಟ್ಟನ್ನು ಒತ್ತುತ್ತಿದ್ದುದನ್ನು ಕಂಡು ಅವನು ಮನಸ್ಸಿನಲ್ಲೇ ಕೈಮುಗಿದ.

ಎರಡನೆಯ ರೊಟ್ಟಿ ಭಟ್ಟಿ ಸೇರಿತು. ಸೀದ ರೊಟ್ಟಿ ಕರ್ತನ ಮೇಜನ್ನು ಕಂಡಿರಲಿಲ್ಲವಾದ್ದರಿಂದ ಬರೀ ರೊಟ್ಟಿಯೇ. ಹೆಂಡತಿ ಅದರ ಕಪ್ಪನ್ನು ಕೆರೆದು, ಮೂರು ಪಾಲು ಮಾಡಿ, ಬಿಸಿ ಚಹಾದೊಂದಿಗೆ ಮಾತಿಲ್ಲದೆ ಮುಂದಿಟ್ಟಳು. ಮೂವರೂ ಕಚ್ಚಿದರು. ನಿಶ್ಶಬ್ದವಾದ ಆ ಕೋಣೆಯಲ್ಲಿ ಕಟುಂ ಎಂದು ಸದ್ದಾಯಿತು. ಮತ್ತೆ ಕಟುಂ. ತಮ್ಮನ ಕೆನ್ನೆ ಉಬ್ಬಿತು; ಅವನು ಅಣ್ಣನ ಮುಖವನ್ನು ನೋಡಬಾರದೆಂದು ಗೋಡೆ ನೋಡಿದ, ನೆಲ ನೋಡಿದ, ಕೊನೆಗೆ ತಡೆಯಲಾರದೆ ನೋಡಿಯೇಬಿಟ್ಟ. ಅಣ್ಣನ ಮೂಗಿನ ತುದಿಯಲ್ಲಿ ಹಿಟ್ಟಿತ್ತು.

ಮೊದಲು ನಕ್ಕವನು ಅಣ್ಣ.

ಮಾತಂತೂ ಯಾರೂ ಆಡಲಿಲ್ಲ. ಹೊರಗೆ ಹಾಲಿನವನು ಕ್ಯಾನಿಳಿಸಿ, ಒಳಗಿನ ನಗೆಯನ್ನು ಕೇಳಿ, ಮೊಳೆಯ ಬಿಳಿಯ ಬಟ್ಟೆಯನ್ನೊಮ್ಮೆ ನೋಡಿದ. ತಲೆ ಕೆರೆದುಕೊಂಡು, ಎಂದಿನಂತೆ ಬೆಕ್ಕಿನ ಹೆಜ್ಜೆಯಲ್ಲೇ ಹೋದ.