ಹದಿನಾಲ್ಕು ಸೀತಾಫಲದ ಕಳವು

ದುರ್ಗಕ್ಕನ ಚೀಲದಲ್ಲಿ ಸಿಕ್ಕಿದ್ದು ಹದಿನಾಲ್ಕು ಸೀತಾಫಲ. ಅವನ್ನು ನಮ್ಮ ‘ಶಿಖರ ಸಂಪದ’ ಬಡಾವಣೆಯ ಆಫೀಸಿನ ಮೇಜಿನ ಮೇಲೆ ಎರಡು ಸಾಲಾಗಿ ಜೋಡಿಸಿ, ಹಿಂದೆ ದುರ್ಗಕ್ಕನನ್ನು ನಿಲ್ಲಿಸಿ, ಫೋಟೊ ತೆಗೆದು, ಅರವತ್ತು ಮನೆಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಪೊಲೀಸರು ಗಾಂಜಾ ಹಿಡಿದಾಗ ಹೀಗೇ ಜೋಡಿಸುತ್ತಾರೆ. ಕೆಳಗೆ ಕಾರ್ಯದರ್ಶಿ ಲಿಂಗರಾಜ್ ಅವರ ಒಕ್ಕಣೆ: ‘ಆವರಣದ ಹಣ್ಣುಗಳ ಕಳವು. ಮನೆಗೆಲಸದವಳ ಗೇಟ್ ಕಾರ್ಡ್ ರದ್ದು. ತಪ್ಪೊಪ್ಪಿಗೆ ಬರೆದುಕೊಟ್ಟ ನಂತರವೇ ಪ್ರವೇಶ.’

ಅದಕ್ಕೆ ಇಪ್ಪತ್ತೇಳು ಜನ ಹೆಬ್ಬೆರಳು ಎತ್ತಿದ್ದರು. ಇಷ್ಟೊಂದು ಡಿಗ್ರಿ ಪಡೆದವರು ಒಟ್ಟಿಗೆ ಹೆಬ್ಬೆಟ್ಟು ಒತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಡೂರಿನ ದಾರಿಯ ಈ ಗುಡ್ಡದ ಮೇಲೆ ಮನೆ ತೆಗೆದುಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿದೆ ಅನ್ನಲು ಬಾಯಿ ಬರುವುದಿಲ್ಲ. ಹೊಸಪೇಟೆಯಲ್ಲಿ ನಮ್ಮ ಮನೆ ಅದಿರಿನ ಲಾರಿ ಓಡಾಡುವ ರಸ್ತೆಯ ಮೇಲಿತ್ತು. ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು. ನನ್ನ ಹೆಂಡತಿ ಭವ್ಯಳಿಗೆ ದಮ್ಮು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಔಷಧದ ಪಂಪು ಹಿಡಿದೇ ಅಡುಗೆ ಮಾಡುತ್ತಿದ್ದಳು. ಇಲ್ಲಿಗೆ ಬಂದು ಮೂರು ವರ್ಷವಾಯಿತು, ಪಂಪು ಡ್ರಾಯರಿನಲ್ಲೇ ಮಲಗಿದೆ. ಇಪ್ಪತ್ನಾಲ್ಕು ತಾಸು ನೀರು. ಸಂಜೆ ಬಾಲ್ಕನಿಯಲ್ಲಿ ಕೂತರೆ ದೂರದಲ್ಲಿ ಡ್ಯಾಮಿನ ಹಿನ್ನೀರು ಹಿತ್ತಾಳೆ ತಟ್ಟೆಯಂತೆ ಕಾಣುತ್ತದೆ. ನಾನು ಪಾಠ ಮಾಡುವ ಕಾಲೇಜಿಗೆ ಮುಕ್ಕಾಲು ತಾಸಿನ ದಾರಿಯಾದರೂ ಗೊಣಗಿದವನಲ್ಲ.

ಆದರೆ ಇದನ್ನು ಗೇಟೆಡ್ ಕಮ್ಯುನಿಟಿ ಅನ್ನುತ್ತಾರೆ. ಗೇಟು ಬಂದು ಐದು ವರ್ಷವಾಯಿತು, ಕಮ್ಯುನಿಟಿ ಇನ್ನೂ ಬರಬೇಕಾಗಿದೆ. ಗೇಟಿನ ಕಮಾನಿನ ಮೇಲೆ ‘ಪ್ರಕೃತಿಯ ಮಡಿಲಲ್ಲಿ’ ಎಂದು ಬರೆಸಿದ್ದಾರೆ. ಮಡಿಲು ಯಾರದೋ, ಮಡಿಯಂತೂ ನಮ್ಮದೇ: ಕೆಲಸದವರು ಬರುವ ಸಣ್ಣ ಬಾಗಿಲು ಬೇರೆ, ಕೂರುವ ಕಲ್ಲು ಬೇರೆ, ಹೊರಗೆ ಹೋಗುವಾಗ ಚೀಲ ಬಿಚ್ಚಿ ತೋರಿಸುವ ಶಾಸ್ತ್ರ ಬೇರೆ. ಕಾರುಗಳ ಡಿಕ್ಕಿ ಬಿಚ್ಚಿಸುವ ಶಾಸ್ತ್ರ ಯಾರಿಗೂ ಹೊಳೆದಿಲ್ಲ.

ಲಿಂಗರಾಜ್ ಅದಿರು ಸಾಗಿಸಿ ದುಡಿದವರು. ನಮ್ಮ ಹಳೆಯ ಮನೆಯ ಮುಂದೆ ಓಡಿದ ಲಾರಿಗಳಲ್ಲಿ ಹಲವು ಅವರವು. ಧೂಳು ಎಬ್ಬಿಸಿದವರೂ ಧೂಳು ಕುಡಿದವರೂ ಒಳ್ಳೆ ಗಾಳಿಗಾಗಿ ಒಂದೇ ಗುಡ್ಡ ಹತ್ತಿದ್ದೆವು. ಇನ್ನೂ ಕುಡಿಯುತ್ತಲೇ ಇರುವವರು ಕೆಳಗೆ ಉಳಿದಿದ್ದರು. ದುರ್ಗಕ್ಕ ಅವರಲ್ಲಿ ಒಬ್ಬಳು. ಗುಡ್ಡದ ಬುಡದ ಊರಿನಿಂದ ದಿನಾ ಹತ್ತಿ ಬಂದು ನಮ್ಮದೂ ಸೇರಿ ಮೂರು ಮನೆ ನೋಡಿಕೊಳ್ಳುತ್ತಿದ್ದಳು. ಸೀತಾಫಲದ ಕಾಲದಲ್ಲಿ ಮಧ್ಯಾಹ್ನದ ಮೇಲೆ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಮಾರುತ್ತಿದ್ದಳು. ಆ ಗಿಡಗಳನ್ನು ಯಾರೂ ನೆಟ್ಟಿದ್ದಲ್ಲ. ಅವಳ ಅಜ್ಜಿಯೂ ಅಲ್ಲೇ ಹಣ್ಣು ಕಿತ್ತವಳು. ತಂತಿ ಬೇಲಿ ಬಂದಾಗ ಅರ್ಧ ಗಿಡಗಳು ಒಳಗೆ ಉಳಿದವು.

ಫೋಟೊ ಬಂದದ್ದು ಸೋಮವಾರ. ಅಂದೇ ನಾನು ಲಿಂಗರಾಜ್ ಮನೆಗೆ ಹೋದೆ. ಕಾಡುಗಿಡದ ಹದಿನಾಲ್ಕು ಹಣ್ಣಿಗೆ ಇಷ್ಟು ದೊಡ್ಡ ಪಂಚನಾಮೆಯೇ ಎಂದು ಕೇಳಿದೆ. ಅವರು ಕಾಫಿ ಕೊಟ್ಟು, ಹಣ್ಣಾಗಿದ್ದರೆ ತಾವೇ ಬಿಟ್ಟುಬಿಡುತ್ತಿದ್ದೆವು ಎಂದರು. ಅವರ ನೋವು ಬೇರೆಯೇ ಇತ್ತು.

“ಕಾಯಿ ಕಿತ್ತಾಳ್ರಿ ಸರ. ಕಲ್ಲಿನಂಥ ಕಾಯಿ. ಇದು ತಿನ್ನಾಕ ಕಿತ್ತಿದ್ದಲ್ಲ, ಹಾಳು ಮಾಡಾಕ ಕಿತ್ತಿದ್ದು.”

ಬರುವ ಭಾನುವಾರ ‘ಸುಗ್ಗಿ ಸಂಡೇ’ ಇತ್ತು. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಕಟ್ಟಲಿರುವ ಮನೆಗಳನ್ನು ಕೊಳ್ಳುವವರು ಬರುವವರಿದ್ದರು. ಮಕ್ಕಳು ಗಿಡದಿಂದಲೇ ಹಣ್ಣು ಕಿತ್ತು ತಿನ್ನುವುದನ್ನು ಅವರಿಗೆ ತೋರಿಸಬೇಕು. ಅದಕ್ಕಾಗಿ ಹಣ್ಣು ಗಿಡದಲ್ಲೇ ಮಾಗುವವರೆಗೆ ಯಾರೂ ಮುಟ್ಟಬಾರದೆಂದು ಸಮಿತಿ ಠರಾವು ಮಾಡಿತ್ತು. ನಾನು ಕಂಪ್ಲಿ ಕಡೆಯ ನೆಲ್ಲಿನ ಸೀಮೆಯವನು. ಸೀತಾಫಲ ನನಗೆ ಬುಟ್ಟಿಯಲ್ಲಿ ಹುಟ್ಟುವ ಹಣ್ಣು. ಅವರು ಹೇಳಿದ್ದೇ ಸರಿಯೇನೋ ಅಂದುಕೊಂಡು ಕಾಫಿ ಕುಡಿದು ಬಂದೆ. ಆ ಕಾಫಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರುದಿನ ದುರ್ಗಕ್ಕ ಬಾಕಿ ಸಾಮಾನು ಒಯ್ಯಲು ಗೇಟಿಗೆ ಬಂದಿದ್ದಳು. ಗೇಟಿನ ಅಡ್ಡಕೋಲಿನ ಆಚೆ ಅವಳು, ಈಚೆ ನಾನು. ಕಾಯಿ ಯಾಕೆ ಕಿತ್ತೆ ಎಂದು ಕೇಳಿದೆ. ಅವಳು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದಳು.

“ಸೀತಾಫಲ ಯಾರರ ಗಿಡದಾಗ ಹಣ್ಣು ಮಾಡ್ತಾರೇನ್ರಿ ಸರ? ಮೈಮ್ಯಾಲಿನ ಕಣ್ಣು ಬಿಡಬೇಕು, ಕಣ್ಣಿನ ಸಂದ್ಯಾಗ ಬೆಳ್ಳಗ ಗೆರಿ ಮೂಡಬೇಕು, ಆವಾಗ ಕೀಳೋದು. ಹುಲ್ಲಾಗ ಮುಚ್ಚಿಟ್ರ ಮೂರು ದಿನಕ್ಕ ಬೆಣ್ಣಿ ಆಗ್ತಾವು. ಗಿಡದಾಗ ಬಿಟ್ರ ಒಡದು ಬೀಳ್ತಾವು. ಇರುವಿ ಪಾಲು, ಮಂಗ್ಯಾನ ಪಾಲು.”

ಹಾಗಾದರೆ ಒಂದು ಕಾಗದ ಬರೆದುಕೊಟ್ಟು ಕಾರ್ಡು ತಗೋ, ಕಾಗದ ಯಾರು ನೋಡುತ್ತಾರೆ ಎಂದು ಬುದ್ಧಿ ಹೇಳಿದೆ. ಕಾಲೇಜಿನಲ್ಲಿ ಪಾಠ ಮಾಡುವವನ ಬುದ್ಧಿ.

“ಮೂರು ಮನಿ ಕೀಲಿ ನನ್ನ ಸೆರಗಿನ್ಯಾಗ ಇರ್ತಿದ್ವು,” ಅಂದಳು ದುರ್ಗಕ್ಕ. “ಆ ಫೋಟೊ ನಮ್ಮ ಓಣ್ಯಾಗ ಎಲ್ಲಾರ ಫೋನಿನ್ಯಾಗ ಐತಿ. ಕಳ್ಳಿ ಅಂತ ಅವ್ರು ಬರದಿದ್ದು ಸಾಲ್ದಂತ, ನಾನೂ ಬರೀಬೇಕಾ? ಇನ್ನ ಯಾರು ಕೊಡ್ತಾರ ನನ್ನ ಕೈಯಾಗ ಕೀಲಿ?”

ಬುಧವಾರ ಬೆಳಿಗ್ಗೆ ನನಗೆ ತಡೆಯಲಿಲ್ಲ. ಲಿಂಗರಾಜ್ ಮಾತಾಡುವ ಮೊದಲು ಲಾರಿ ಗೇರು ಬದಲಿಸಿದಂತೆ ಗಂಟಲು ಕೆರೆದು, ಪ್ರತಿ ಮಾತಿನ ಬಾಲಕ್ಕೆ ‘ತಿಳೀತಾ’ ಕಟ್ಟುತ್ತಾರೆ. ನಾನು ಗೇಟಿಗೆ ಫೋನು ಹಚ್ಚಿ ಗಂಟಲು ಕೆರೆದೆ. “ಹೊನ್ನೂರುಸ್ವಾಮಿ, ಆ ದುರ್ಗಕ್ಕನ್ನ ಒಳಗ ಬಿಡು, ತಿಳೀತಾ.” ಕಾವಲಿನ ಹೊನ್ನೂರುಸ್ವಾಮಿ ಎದ್ದು ನಿಂತೇ ‘ಆತ್ರೀ’ ಅಂದದ್ದು ಫೋನಿನಲ್ಲೂ ಕೇಳಿಸಿತು. ಅವನು ದುರ್ಗಕ್ಕನ ಎದುರು ಮನೆಯವನು. ಕೂಡಲೇ ಅವಳಿಗೆ ಹೇಳಿಕಳಿಸಿದ. ಅವಳು ಗುಡ್ಡ ಹತ್ತಿ ಬರುವ ಹೊತ್ತಿಗೆ ನಾನು ನಗುತ್ತಾ ಗೇಟಿಗೆ ಇಳಿದೆ. ಕೋಲು ಮೇಲೆದ್ದಿತ್ತು. ದುರ್ಗಕ್ಕ ಮಾತ್ರ ಆಚೆಯೇ ನಿಂತಿದ್ದಳು. ನನ್ನ ಮುಖ ನೋಡಿದ್ದೇ ಫೋನು ಮಾಡಿದ್ದು ಯಾರೆಂದು ಅವಳಿಗೆ ತಿಳಿದುಹೋಯಿತು.

“ಇನ್ನೊಬ್ಬರ ದನಿ ಕದ್ದು ನನ್ನ ಒಳಗ ಕರೀತೀರೇನು?” ಎಂದು ಮೆಲ್ಲಗೆ ಕೇಳಿದಳು. “ಇವತ್ತು ಹಂಗ ಬಂದ್ರ ನಾಳಿಗಿ ಖರೇನ ಕಳ್ಳಿ ಆಗ್ತೀನಿ. ಈ ಹೊನ್ನೂರ್‌ಸ್ವಾಮಿ ನೌಕರಿನೂ ಹೋಗ್ತೈತಿ. ಅದನ್ನ ಯೋಚನಿ ಮಾಡಿದ್ರಾ?”

ಮಾಡಿರಲಿಲ್ಲ. ಹೊನ್ನೂರುಸ್ವಾಮಿ ಕೋಲು ಇಳಿಸಿದ.

ಗುರುವಾರ ಆಫೀಸಿನ ಹತ್ತಿರ ಹಾದರೆ ಘಮಘಮ. ಸಾಕ್ಷಿಗೆಂದು ಗೋಣಿಚೀಲದಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದ ಕಲ್ಲಿನಂಥ ಕಾಯಿಗಳು ಹಣ್ಣಾಗಿ ಕೂತಿದ್ದವು. ನಾನು ಒಳಗೆ ಹೋಗುವಷ್ಟರಲ್ಲಿ ಸಮಿತಿಯ ಐದು ಜನ ಹಳೆ ಪೇಪರಿನ ಮೇಲೆ ಬೀಜ ಉಗುಳುತ್ತಿದ್ದರು. ಲಿಂಗರಾಜ್ ಬೆರಳು ನೆಕ್ಕಿ, ಮಸ್ತ್ ಅದಾವು, ನೀವೂ ಒಂದು ತಗೋರಿ ಸರ ಎಂದರು. ಹದಿನಾಲ್ಕನೆಯದು ಉಳಿದಿತ್ತು. ಕಳವಿನ ಮಾಲು ತಿನ್ನುವವರನ್ನು ಕಾನೂನಿನಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಜೋಕೆಂದು ನಕ್ಕು, ಅದನ್ನೂ ಬಿಡಿಸಿ ತಿಂದರು.

ನಗು ಅಲ್ಲಿಗೇ ನಿಂತಿತು. ಅಷ್ಟೊತ್ತಿಗೆ ಠರಾವಿನ ಪ್ರಕಾರ ಗಿಡದಲ್ಲೇ ಕಾದಿದ್ದ ಹಣ್ಣುಗಳು ಒಡೆದು ಬೀಳತೊಡಗಿದ್ದವು. ಮಂಗಗಳು ಕಾರ್ಡಿಲ್ಲದೆ ಬಂದು ಸುಗ್ಗಿ ಶುರು ಮಾಡಿದ್ದವು. ಉಳಿದವನ್ನಾದರೂ ಬೇಗ ಕಿತ್ತು ಮುಚ್ಚಿಡದಿದ್ದರೆ ಭಾನುವಾರಕ್ಕೆ ತೋರಿಸಲು ಎಲೆ ಮಾತ್ರ. ಕಣ್ಣು ಬಿಟ್ಟದ್ದನ್ನು ಕೀಳಬೇಕೆಂದು ದುರ್ಗಕ್ಕ ಹೇಳಿದ್ದನ್ನು ನಾನು ತಿಳಿಸಿದೆ, ಆದರೆ ಅದನ್ನು ಗುರುತಿಸಲು ನಾನೂ ಸೇರಿ ಅರವತ್ತು ಮನೆಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಆ ರಾತ್ರಿಯೇ ದುರ್ಗಕ್ಕನ ಕಾರ್ಡು ಜೀವ ಪಡೆಯಿತು. ಶುಕ್ರವಾರ ಬೆಳಿಗ್ಗೆ ಬಂದು ಹಣ್ಣು ಕಿತ್ತುಕೊಡಬೇಕು, ಕೂಲಿ ಕೊಡುತ್ತೇವೆ ಎಂದು ಹೇಳಿಕಳಿಸಿದರು. ಸೋಮವಾರ ಕಳವು ಅನಿಸಿದ್ದು ನಾಲ್ಕೇ ದಿನದಲ್ಲಿ ಕೆಲಸ ಅನಿಸಿತ್ತು. ಬದಲಾದದ್ದು ಬುಟ್ಟಿ ಯಾರದು ಎಂಬುದಷ್ಟೇ.

ಅವಳು ಬಂದಳು, ಗೇಟಿನ ಆಚೆ ನಿಂತಳು. ನಾನೂ ಭವ್ಯಳೂ ಗೇಟಿಗೆ ಇಳಿದಿದ್ದೆವು. ಲಿಂಗರಾಜ್ ಏಣಿ, ಬುಟ್ಟಿ, ನಾಲ್ಕು ಜನ ಸದಸ್ಯರ ಸಮೇತ ಬಂದು ಇಶ್ಯೂ ಕ್ಲೋಸ್ ಆಗೈತಿ, ಒಳಗ ಬಾ ಎಂದರು.

“ಬರ್ಕೊಡು ಅಂದೋರು ನೀವ,” ಅಂದಳು ದುರ್ಗಕ್ಕ. “ಈಗ ನೀವ ಬರೀರಿ. ಎಲ್ಲಿ ಫೋಟೊ ಹಾಕಿದ್ರಿ, ಅಲ್ಲೇ ಬರೀರಿ.”

ಬಿಸಿಲು ಏರುತ್ತಿತ್ತು. ಗುಡ್ಡದ ಕಡೆಯಿಂದ ಮಂಗಗಳ ಕಿಚಕಿಚ ಕೇಳುತ್ತಿತ್ತು. ಲಿಂಗರಾಜ್ ಕೊನೆಗೆ ಫೋನು ತೆಗೆದು ಏನೋ ಒತ್ತಿದರು. ದುರ್ಗಕ್ಕ ಅದನ್ನು ಗಟ್ಟಿಯಾಗಿ ಓದಲು ನನಗೆ ಹೇಳಿದಳು. ‘ತಪ್ಪು ತಿಳುವಳಿಕೆಯಿಂದ ನಡೆದ ಘಟನೆಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ’ ಎಂದಿತ್ತು.

“ತಪ್ಪು ಯಾರದಂತ? ಹೆಸರು ಇಲ್ಲಲ್ರಿ ಅದ್ರಾಗ. ನನ್ನ ಹೆಸರು ಹಾಕಾಕ ನಿಮಗ ತಡ ಆಗಿದ್ದಿಲ್ಲ.”

ಎರಡು ಸಲ ತಿದ್ದಿದ ಮೇಲೆ ಗುಂಪಿನಲ್ಲಿ ಬಂದದ್ದು ಇದು: ‘ದುರ್ಗಕ್ಕ ಕದ್ದಿಲ್ಲ. ಕಳವು ಎಂದು ಬರೆದದ್ದು ನನ್ನ ತಪ್ಪು. ಆಕೆ ಕಿತ್ತದ್ದು ಬಲಿತ ಹಣ್ಣು, ಹದಿನಾಲ್ಕನ್ನೂ ಸಮಿತಿಯವರೇ ತಿಂದಿದ್ದೇವೆ. ಲಿಂಗರಾಜ್.’ ಹೆಬ್ಬೆರಳು ಬಂದದ್ದು ಎರಡೇ. ಒಂದು ನನ್ನದು, ಒಂದು ಭವ್ಯಳದು. ಉಳಿದ ಐವತ್ತೊಂಬತ್ತು ಮನೆಗಳ ಕೈ ಆ ಹೊತ್ತಿಗೆ ಎಲ್ಲಿ ಹೋಗಿದ್ದವೋ.

ಹೊನ್ನೂರುಸ್ವಾಮಿ ತನ್ನ ಫೋನಿನಲ್ಲಿ ಅದನ್ನು ಅವಳಿಗೆ ತೋರಿಸಿ, ಓಣಿಯವರಿಗೆಲ್ಲ ಕಳಿಸಿದೆ ಎಂದ. ದುರ್ಗಕ್ಕ ಓದಿಕೊಂಡಳು. ಭವ್ಯಳ ಕಡೆ ತಿರುಗಿ, “ಸೋಮವಾರ ಬರ್ತೀನಕ್ಕ, ಪಾತ್ರಿ ತಿಕ್ಕಾಕ,” ಅಂದಳು. ಲಿಂಗರಾಜ್ ಏಣಿ ಮುಂದೆ ಮಾಡಿದರು.

“ಹಣ್ಣು ನಿಮ್ಮವು ಅಂದ್ರಲ್ರಿ,” ಅಂದಳು. “ನೀವ ಕೀಳ್ರಿ.”

ಅವಳು ಇಳಿಜಾರಿನಲ್ಲಿ ಮರೆಯಾದ ಮೇಲೆ ಏಣಿ ಗಿಡಕ್ಕೆ ಒರಗಿತು. ಲಿಂಗರಾಜ್ ಹತ್ತಿದರು. ಒಂದು ಕಾಯಿ ಹಿಡಿದು ಹೊರಳಿಸಿ, ಇದು ಕಣ್ಣು ಬಿಟ್ಟೈತೇನು ಎಂದು ಕೆಳಗಿನವರನ್ನು ಕೇಳಿದರು. ಒಬ್ಬರು ಹೌದೆಂದರು, ಇಬ್ಬರು ಇಲ್ಲವೆಂದರು, ನಾಲ್ಕನೆಯವರು ಕನ್ನಡಕ ತರಲು ಹೋದರು. ಹೊನ್ನೂರುಸ್ವಾಮಿಗೆ ಗೊತ್ತಿತ್ತು. ಅವರು ಅವನನ್ನು ಕೂಗಿ ಕರೆದರು. ಕಾವಲಿನವರು ಯಾವ ಕಾರಣಕ್ಕೂ ಗೇಟು ಬಿಟ್ಟು ಬರಬಾರದೆಂದು ಸಮಿತಿಯ ನಿಯಮವಿದೆ ಎಂದು ಅವನು ಅಲ್ಲಿಂದಲೇ ವಿನಯವಾಗಿ ತಿಳಿಸಿದ.