ಗಂಟೆಗೆ ಅರವತ್ತು ಕಾಲರ್

"ಮತ್ತೆ ಉಚ್ಚೆಗೆ ಎದ್ಯಾ? ಇದೇನು ಫ್ಯಾಕ್ಟ್ರಿನಾ, ನಿಮ್ಮಪ್ಪನ ಕಕ್ಕಸಾ? ಕೂತ್ಕೊಳೇ."

ಸೂಪರ್‌ವೈಸರ್ ಪಂಚಾಕ್ಷರಿ ಬೈದದ್ದು ನೀಲಗಂಗಮ್ಮನನ್ನು. ಆರು ತಿಂಗಳ ಬಸುರಿ. ಎದ್ದವಳು ಹಾಗೇ ಕುಸಿದು ಕೂತಳು. ಪಕ್ಕದ ಮಿಷನ್ನಿನ ಹನುಮಕ್ಕನನ್ನು ತೋರಿಸಿ, ಬೆಳಿಗ್ಗೆಯಿಂದ ಇವಳು ಒಂದು ಸಲವಾದರೂ ಎದ್ದಿದ್ದಾಳಾ ಎಂದು ಅವನು ಕೇಳಿದ. ಹನುಮಕ್ಕ ಮುಂದಿನ ಕಾಲರನ್ನು ಸೂಜಿಯಡಿ ಸರಿಸಿದಳು.

ರಾಜಾಜಿನಗರದ ಆ ಗಾರ್ಮೆಂಟ್ಸಿಗೆ ಸೇರಿ ನಾಲ್ಕು ವರ್ಷವಾದರೂ ಹನುಮಕ್ಕ ಊಟದ ಬೆಲ್ಲಿಗೆ ಮುಂಚೆ ಎದ್ದವಳಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಲಗ್ಗೆರೆಯ ಮನೆ ಬಿಟ್ಟ ಮೇಲೆ ಸಂಜೆಯವರೆಗೂ ತೊಟ್ಟು ನೀರು ಮುಟ್ಟುವುದಿಲ್ಲ. ಉಳಿದವರು ಗಂಟೆಗೆ ನಲವತ್ತು ಕಾಲರ್ ಹೊಲಿದರೆ ಇವಳದು ಅರವತ್ತು. ಕೆಲಸವೆಂದರೆ ಹುಚ್ಚು ಅವಳಿಗೆ. ಭಾನುವಾರ ಓವರ್‌ಟೈಮ್ ಇಲ್ಲದಿದ್ದರೆ ಕೈಕಾಲು ಕಟ್ಟಿಹಾಕಿದಂತಾಗಿ ಗಂಡನ ಮೇಲೆ ರೇಗುತ್ತಿದ್ದಳು. ಓದು ಬಾರದವಳು, ಯಾರು ಎಷ್ಟು ಹೊಲಿದರೆಂದು ಬರೆಯುವ ಬೋರ್ಡಿನ ಮೇಲೆ ತನ್ನ ಹೆಸರಿನ ನಾಲ್ಕಕ್ಷರವನ್ನು ಮಾತ್ರ ಗುರುತು ಹಿಡಿಯುತ್ತಿದ್ದಳು. ಅದು ಎಲ್ಲರಿಗಿಂತ ಮೇಲಿದ್ದರೆ ಸಾಕು, ಹಿಗ್ಗೋ ಹಿಗ್ಗು.

ಎಂಬತ್ತೇಳರ ಯುಗಾದಿ ಕಳೆದ ಸೋಮವಾರ ಪಂಚಾಕ್ಷರಿ ಆ ಹೆಸರನ್ನು ಅಳಿಸಿ ಅಂಕಿಯನ್ನು ಮಾತ್ರ ಉಳಿಸಿದ. ಇನ್ನು ಎಲ್ಲರಿಗೂ ಅರವತ್ತು ಎಂದ. ಒಬ್ಬಳ ಕೈಲಾದದ್ದು ಮಿಕ್ಕವರ ಕೈಲಿ ಯಾಕಾಗದು ಎಂಬುದು ಅವನ ನ್ಯಾಯ. ಅಂದಿನಿಂದ ನಲವತ್ತೆರಡು ಹೆಂಗಸರೂ ನೀರು ಕುಡಿಯುವುದನ್ನು ಬಿಟ್ಟರು. ಹನುಮಕ್ಕನ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟರು.

ಅಷ್ಟರಲ್ಲಿ ಹನುಮಕ್ಕನಿಗೇ ಉರಿಮೂತ್ರ, ಸೊಂಟದಲ್ಲಿ ಚಳುಕು. ಒಂದು ದಿನ ರಕ್ತವೂ ಹೋಯಿತು. ಮೂತ್ರಪಿಂಡ ಕೆಡುತ್ತಿದೆ, ನೀರು ಕುಡಿಯದಿದ್ದರೆ ಮಾತ್ರೆ ದಂಡ ಎಂದು ಡಾಕ್ಟರು ಗದರಿದ್ದರು. ಅವಳು ಆ ಮಾತ್ರೆಯನ್ನೂ ಒಣಗಂಟಲಲ್ಲೇ ನುಂಗಿ ಕೆಲಸಕ್ಕೆ ಬಂದಿದ್ದಳು.

ಈಗ ಪಕ್ಕದಲ್ಲಿ ನೀಲಗಂಗಮ್ಮನ ಸೀರೆ ಒದ್ದೆಯಾಯಿತು. ಸಣ್ಣಗೆ ಹರಿದದ್ದು ಹನುಮಕ್ಕನ ಪಾದದವರೆಗೂ ಬಂತು. ಹೊಲಸು ಮುಂಡೆ, ನೀನೇ ಒರೆಸು ಎಂದು ಪಂಚಾಕ್ಷರಿ ಮೂಗು ಮುಚ್ಚಿಕೊಂಡು ಹೋದ. ಸೆರಗಿನಲ್ಲೇ ಒರೆಸಲು ಬಗ್ಗಿದ ಬಸುರಿಯ ಕೈಯನ್ನು ಹನುಮಕ್ಕ ಹಿಡಿದಳು.

"ಬಿಡು. ನಿನ್ನಿಂದಾನೇ ಕಣಕ್ಕ ಇದು," ಎಂದಳು ನೀಲಗಂಗಮ್ಮ. "ನಿನ್ ಕೈ ಸೇದೋಗ."

ಆ ಶಾಪ ಕೇಳಿ ಹನುಮಕ್ಕನಿಗೆ ಕೋಪ ಬರಲಿಲ್ಲ, ನಾಚಿಕೆಯಾಯಿತು. ನೆಲ ಒರೆಸಿದಳು. ಮಡಕೆಯ ನೀರು ತಂದು ಅವಳಿಗೆ ಕೊಟ್ಟು, ತಾನೂ ಎಲ್ಲರೆದುರು ನಿಂತು ಎರಡು ಲೋಟ ಕುಡಿದಳು. ಹನ್ನೊಂದು ಹೊಡೆದ ಮೇಲೆ ಒಂದೊಂದಾಗಿ ಎಣಿಸಿ ನಲವತ್ತು ಕಾಲರ್ ಹೊಲಿದಳು. ಗಂಟೆ ತುಂಬಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಪಂಚಾಕ್ಷರಿ ಓಡಿಬಂದು, ಸೂಜಿ ಮುರಿಯಿತಾ ಎಂದು ಕೇಳಿದ.

"ನಲವತ್ತಾಯ್ತು ಸಾರ್. ನನ್ ಕೈಲಿ ಆಗೋದು ಇಷ್ಟೇ. ಬೋರ್ಡಲ್ಲಿ ಬರ್ಕೊಳಿ."

"ಕೊಬ್ಬಾ? ಗೇಟಾಚೆ ಹಾಕ್ತೀನಿ, ಬೋಳಿ."

"ಹಾಕಿ. ಅರವತ್ತು ಹೊಲಿಯೋಳು ಸತ್ತೋದ್ಲು."

ಅವನು ರಟ್ಟೆ ಹಿಡಿದು ಎಳೆದ. ಹನುಮಕ್ಕ ಸ್ಟೂಲು ಬಿಡಲಿಲ್ಲ. ಕೈ ಸುಮ್ಮನಿದ್ದರೂ ಬಲಗಾಲು ಅವಳ ಮಾತು ಕೇಳದೆ ಪೆಡಲ್ ತುಳಿಯುತ್ತಲೇ ಇತ್ತು. ಬಟ್ಟೆಯಿಲ್ಲದ ಸೂಜಿ ಏಳುತ್ತ ಬೀಳುತ್ತ ಇತ್ತು. ನೀಲಗಂಗಮ್ಮ ಹೊಟ್ಟೆ ಹಿಡಿದುಕೊಂಡು ಕೆಳಗೆ ಕೂತು, ಆ ಕಾಲನ್ನೆತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಎದ್ದು, ಸ್ವಿಚ್ಚು ಆರಿಸಿ ತನ್ನ ಮಿಷನ್ನನ್ನೂ ನಿಲ್ಲಿಸಿದಳು.